ಓಡಾಡಲು ಅಡ್ಡಿಯಿಲ್ಲ, ನಿಲ್ಲಲು ಜಾಗವಿಲ್ಲ: ಫುಡ್ ಟ್ರಕ್ ಪರವಾನಗಿಯ ಗೋಜಲು

ಬೆಂಗಳೂರಿನಲ್ಲಿ ಕ್ರಮಬದ್ಧವಾಗಿ ಫುಡ್ ಟ್ರಕ್ ನಡೆಸುವವರ ಬಳಿ ಕಾಗದಪತ್ರಗಳಿಗೆ ಕೊರತೆಯಿಲ್ಲ. ಆರ್‌ಟಿಒ ನೋಂದಣಿ, ವಾಹನ ಸುಸ್ಥಿತಿಯ ಪ್ರಮಾಣಪತ್ರ (ಎಫ್‌ಸಿ), ವಿಮೆ, ಆಹಾರ ಸುರಕ್ಷತಾ ಇಲಾಖೆಯ ನೋಂದಣಿ, ವಾಣಿಜ್ಯ ಸಿಲಿಂಡರಿನ ರಸೀದಿ, ಎಲ್ಲವೂ ಇರುತ್ತವೆ. ಆದರೂ ಸಂಜೆ ಏಳಕ್ಕೆ ಒಬ್ಬ ಸಂಚಾರ ಪೊಲೀಸ್ ಬಂದು ಗಾಡಿ ತೆಗೆಯಿರಿ ಎಂದರೆ ತೆಗೆಯಲೇಬೇಕು. ಈ ಗಾಡಿ ಎಲ್ಲಿ ನಿಲ್ಲಬಹುದು ಎಂಬುದನ್ನು ಅಷ್ಟು ಕಾಗದಗಳಲ್ಲಿ ಒಂದೂ ಹೇಳುವುದಿಲ್ಲ.

ಈ ಮೌನ ಫುಡ್ ಟ್ರಕ್‌ಗಳಿಗಿಂತ ಹಳೆಯದು. ಸ್ವಾತಂತ್ರ್ಯದ ನಂತರವೂ ಹಲವು ದಶಕ ನಗರಾಡಳಿತದ ಕಾನೂನುಗಳಿಗೆ ಬೀದಿ ವ್ಯಾಪಾರಿಯೆಂದರೆ ರಸ್ತೆಗೆ ಅಡಚಣೆ, ಅಷ್ಟೇ. 1985ರಲ್ಲಿ ಬಾಂಬೆ ಹಾಕರ್ಸ್ ಯೂನಿಯನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಬೀದಿ ವ್ಯಾಪಾರಕ್ಕೆಂದೇ ಗುರುತಿಸುವ ಮಾರಾಟ ವಲಯಗಳ ಮಾತಾಡಿತು. 1989ರಲ್ಲಿ ಸೋದನ್ ಸಿಂಗ್ ಪ್ರಕರಣದ ಐವರು ನ್ಯಾಯಮೂರ್ತಿಗಳ ಪೀಠ, ಬೀದಿ ವ್ಯಾಪಾರ ಸಂವಿಧಾನದ 19(1)(ಜಿ) ವಿಧಿಯಡಿ, ಅಂದರೆ ವೃತ್ತಿ-ವ್ಯಾಪಾರದ ಸ್ವಾತಂತ್ರ್ಯದಡಿ, ಬರುವ ಹಕ್ಕು ಎಂದಿತು. ಅದೇ ತೀರ್ಪು, ಇಂಥದ್ದೇ ಜಾಗ ನನಗೆ ಬೇಕೆಂದು ಕೇಳುವ ಹಕ್ಕು ಮಾತ್ರ ಯಾರಿಗೂ ಇಲ್ಲ ಎಂದೂ ಹೇಳಿತು. ಸಂಘಟನೆಗಳು ಸಂಭ್ರಮಿಸಿದ್ದು ಮೊದಲರ್ಧವನ್ನು, ಕಚೇರಿಗಳು ನೆನಪಿಟ್ಟುಕೊಂಡಿದ್ದು ಎರಡನೆಯ ಅರ್ಧವನ್ನು. ಆಮೇಲೆ ಬೀದಿ ವ್ಯಾಪಾರಿಗಳಿಗಾಗಿ 2004ರ ರಾಷ್ಟ್ರೀಯ ನೀತಿ, 2009ರಲ್ಲಿ ಅದರ ಪರಿಷ್ಕರಣೆ, ಕಾನೂನು ಮಾಡಿ ಎಂದು ಗಡುವು ಕೊಟ್ಟ ಸುಪ್ರೀಂ ಕೋರ್ಟ್‌ನ 2010ರ ಗೈಂದಾ ರಾಮ್ ತೀರ್ಪು. ಗಡುವು ದಾಟಿ ಮೂರು ವರ್ಷವಾಗುತ್ತಾ ಬಂದಾಗ, 2014ರ ಮೇ 1ರಂದು ಬೀದಿ ಬದಿ ವ್ಯಾಪಾರಿಗಳ ಕಾಯ್ದೆ ಜಾರಿಗೆ ಬಂತು.

ಈ ಕಾಯ್ದೆಯ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು, ಏಕೆಂದರೆ ಓದಿದಷ್ಟೂ ಇದು ಒಳ್ಳೆಯ ಕಾನೂನು ಅನಿಸುತ್ತದೆ. ವ್ಯಾಪಾರಿಗಳ ಸಮೀಕ್ಷೆ ಮುಗಿದು ವ್ಯಾಪಾರದ ಪ್ರಮಾಣಪತ್ರ ಕೈಗೆ ಸಿಗುವವರೆಗೆ ಯಾರನ್ನೂ ಎತ್ತಂಗಡಿ ಮಾಡುವಂತಿಲ್ಲ. ಸ್ಥಳಾಂತರಕ್ಕೆ 30 ದಿನ ಮೊದಲು ನೋಟಿಸ್ ಕೊಡಬೇಕು. ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಶೇ 40ಕ್ಕೆ ಕಡಿಮೆಯಿಲ್ಲದಷ್ಟು ಸದಸ್ಯರು ವ್ಯಾಪಾರಿಗಳೇ ಆಗಿರಬೇಕು, ಅವರಲ್ಲಿ ಮೂರನೇ ಒಂದು ಭಾಗ ಮಹಿಳೆಯರು. ವಾರ್ಡ್, ವಲಯ ಅಥವಾ ಪಟ್ಟಣದ ಜನಸಂಖ್ಯೆಯ ಶೇ 2.5ರ ಮಿತಿಯೊಳಗೆ ವ್ಯಾಪಾರಿಗಳಿಗೆ ಜಾಗ ಮಾಡಿಕೊಡಬೇಕು. ಸಂಚಾರಿ ವ್ಯಾಪಾರಿ ಎಂಬ ಪ್ರತ್ಯೇಕ ವರ್ಗವೂ ಇದೆ.

ಆದರೆ ಕರಡು ಬರೆದವರ ಕಣ್ಣ ಮುಂದೆ ಇದ್ದದ್ದು ತಳ್ಳುಗಾಡಿ ಮತ್ತು ತಲೆಯ ಮೇಲಿನ ಬುಟ್ಟಿ ಎಂಬುದು ಐದನೇ ಸೆಕ್ಷನ್‌ಗೆ ಬಂದಾಗ ಗೊತ್ತಾಗುತ್ತದೆ. ವ್ಯಾಪಾರವನ್ನು ತಾನೇ ಅಥವಾ ಮನೆಯವರ ಮೂಲಕವೇ ನಡೆಸುತ್ತೇನೆ, ಬೇರೆ ಜೀವನೋಪಾಯವಿಲ್ಲ, ಪ್ರಮಾಣಪತ್ರವನ್ನು ಬಾಡಿಗೆಗೆ ಕೊಡುವುದಿಲ್ಲ ಎಂದು ಮುಚ್ಚಳಿಕೆ ಬರೆದುಕೊಡಬೇಕು. ಬಡ ವ್ಯಾಪಾರಿಯ ಜಾಗವನ್ನು ಹಣವಂತರು ಕಬಳಿಸದಿರಲೆಂಬ ಷರತ್ತು ಇದು, ಸರಿಯಾದದ್ದೇ. ಆದರೆ 2005ರಲ್ಲಿ ಟಾಟಾ ಏಸ್ ಎಂಬ ಪುಟ್ಟ ಸರಕು ಗಾಡಿ ರಸ್ತೆಗಿಳಿದ ಮೇಲೆ ಬೀದಿಯ ಅಡುಗೆಯ ಸ್ವರೂಪವೇ ಬದಲಾಗಿತ್ತು. ಸಾಲ ಮಾಡಿ ಏಸ್ ಕೊಂಡು, ಬೆಳಿಗ್ಗೆ ಆರಕ್ಕೆ ಇಡ್ಲಿ, ಚಿತ್ರಾನ್ನ, ರೈಸ್‌ಬಾತ್ ಮಾರುವ ದಂಪತಿ ಈ ಷರತ್ತಿನೊಳಗೆ ಬರುತ್ತಾರೆ. ಸಾಫ್ಟ್‌ವೇರ್ ಕೆಲಸ ಉಳಿಸಿಕೊಂಡೇ ಎರಡು ಟ್ರಕ್ ಇಳಿಸಿ, ಬಾಣಸಿಗನನ್ನು ನೇಮಿಸಿ ಬರ್ಗರ್ ಮಾರುವವರು ಬರುವುದಿಲ್ಲ. ರಸ್ತೆಯಲ್ಲಿ ಇಬ್ಬರದ್ದೂ ನಾಲ್ಕು ಚಕ್ರದ ಅಡುಗೆಮನೆಯೇ.

ಉಳಿದ ಇಲಾಖೆಗಳು ತಂತಮ್ಮ ಕಿಟಕಿಯಿಂದ ನೋಡುತ್ತವೆ. ಕೇಂದ್ರದ 2004ರ ಅಧಿಸೂಚನೆ ಸಂಚಾರಿ ಕ್ಯಾಂಟೀನನ್ನು ಸಾರಿಗೆ ವಾಹನಗಳ ಪಟ್ಟಿಯಲ್ಲಿ ಹೆಸರಿಸಿಯೇ ಸೇರಿಸಿತ್ತು. ಹಾಗಾಗಿ ಆರ್‌ಟಿಒಗೆ ಇದು ಅಪರಿಚಿತವಲ್ಲ. ವಾಹನ ಮಾರ್ಪಾಡಿಗೆ ಒಪ್ಪಿಗೆ ಪಡೆಯಬೇಕು, ಅಷ್ಟೇ. ಆಹಾರ ಸುರಕ್ಷತಾ ನಿಯಮಾವಳಿ 2011ರಲ್ಲೇ ವಾರ್ಷಿಕ 12 ಲಕ್ಷ ರೂಪಾಯಿವರೆಗಿನ ವಹಿವಾಟಿಗೆ ವರ್ಷಕ್ಕೆ 100 ರೂಪಾಯಿ ಶುಲ್ಕದ ಸರಳ ನೋಂದಣಿ ತಂದಿತು. ಸಿಕ್ಕು ಬೀಳುವುದು ಪಾಲಿಕೆಯ ಉದ್ದಿಮೆ ಪರವಾನಗಿಯಲ್ಲಿ. ಬೆಂಗಳೂರಿಗೆ ಹಿಂದೆ ಅನ್ವಯಿಸುತ್ತಿದ್ದ 1976ರ ಕರ್ನಾಟಕ ಪೌರ ನಿಗಮಗಳ ಕಾಯ್ದೆಯ 353ನೇ ಸೆಕ್ಷನ್ ಪರವಾನಗಿ ಕೊಡುತ್ತಿದ್ದುದು ಒಂದು ಸ್ಥಳಕ್ಕೆ. ಚಕ್ರದ ಮೇಲಿರುವುದಕ್ಕೆ ಯಾವ ವಿಳಾಸ ಬರೆಯುವುದು? ವಿಳಾಸವಿಲ್ಲದ ಟ್ರಕ್ ನಿಂತ ಕಡೆ ಮೋಟಾರು ವಾಹನ ಕಾಯ್ದೆಯ ಪಾಲಿಗೆ ಅಡ್ಡ ನಿಂತ ವಾಹನವಾಗುತ್ತದೆ, ಅದನ್ನು ಎಳೆದೊಯ್ಯಬಹುದು.

ನಿವಾಸಿಗಳ ತಕರಾರನ್ನು ತಳ್ಳಿಹಾಕುವಂತಿಲ್ಲ. ಹೊಗೆ, ಚರಂಡಿಗೆ ಸುರಿದ ಎಣ್ಣೆನೀರು, ಗೇಟಿನ ಮುಂದೆ ಸಾಲುಗಟ್ಟಿದ ಬೈಕುಗಳು ನಿಜ. ಬಾಡಿಗೆ ಕಟ್ಟಿ ಹೋಟೆಲ್ ನಡೆಸುವವರ ಅಸಮಾಧಾನಕ್ಕೂ ಅರ್ಥವಿದೆ. ಆದರೆ ಮಹಿಳಾ ಸ್ವಸಹಾಯ ಗುಂಪುಗಳಿಗಾಗಿ ‘ಸವಿರುಚಿ’ ಸಂಚಾರಿ ಕ್ಯಾಂಟೀನ್ ತಂದದ್ದು ಸರ್ಕಾರವೇ. ಗಾಡಿಯ ಮೇಲಿನ ಅಡುಗೆ ಸರ್ಕಾರದ್ದಾದಾಗ ಉದ್ಯೋಗ, ಉಳಿದವರದ್ದಾದಾಗ ಅತಿಕ್ರಮಣ ಎಂಬ ಭಾವನೆ ವ್ಯಾಪಾರಿಗಳಲ್ಲಿ ಮೂಡಿದರೆ ಆಶ್ಚರ್ಯವೇನಿಲ್ಲ. ಬೀದಿ ವ್ಯಾಪಾರಿಗಳಿಗೆ ಸಾಲ ಕೊಡಲು 2020ರಲ್ಲಿ ಬಂದ ಪಿಎಂ ಸ್ವನಿಧಿ ಯೋಜನೆಯಲ್ಲಿ ಆಗ ಸಿಗುತ್ತಿದ್ದ 10 ಸಾವಿರ ರೂಪಾಯಿಯ ಮೊದಲ ಸಾಲವೂ ತಳ್ಳುಗಾಡಿಯ ಅಳತೆಯದ್ದೇ ಆಗಿತ್ತು.

2025ರ ಸೆಪ್ಟೆಂಬರ್‌ನಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದಡಿ ಒಂದು ಪಾಲಿಕೆಯ ಜಾಗದಲ್ಲಿ ಐದು ಬಂದವು. ಬೀದಿ ಬದಿ ವ್ಯಾಪಾರಿಗಳ ಕಾಯ್ದೆಯಂತೆ ಐದು ವರ್ಷಕ್ಕೊಮ್ಮೆಯಾದರೂ ಸಮೀಕ್ಷೆ ನಡೆಸಿ ಪ್ರಮಾಣಪತ್ರ ಕೊಡಬೇಕಾದದ್ದು ಸ್ಥಳೀಯ ಸಂಸ್ಥೆಯ ಪಟ್ಟಣ ವ್ಯಾಪಾರ ಸಮಿತಿ. ಫುಡ್ ಟ್ರಕ್‌ನ ಆದಾಯ ಇರುವುದೇ ಓಡಾಟದಲ್ಲಿ: ಮಧ್ಯಾಹ್ನ ವೈಟ್‌ಫೀಲ್ಡ್‌ನ ಟೆಕ್ ಪಾರ್ಕ್ ಮುಂದೆ, ರಾತ್ರಿ ಯಲಹಂಕದಲ್ಲಿ. ಮೊದಲನೆಯದು ಈಗ ಪೂರ್ವ ಪಾಲಿಕೆ, ಎರಡನೆಯದು ಉತ್ತರ ಪಾಲಿಕೆ. ಅಂಥ ಗಾಡಿ ಯಾವ ಪಾಲಿಕೆಯ ಪಟ್ಟಿಗೆ ಸೇರಬೇಕು, ಒಂದರ ಪ್ರಮಾಣಪತ್ರವನ್ನು ಇನ್ನೊಂದು ಒಪ್ಪಬೇಕೇ ಎಂಬುದನ್ನು ಮುಂದಿನ ಸಮೀಕ್ಷೆಗೆ ಮುನ್ನವೇ ಬರೆದಿಡಬೇಕಾಗುತ್ತದೆ.