ಹೇಗೂ ಬಿಡ್ತೀವಲ್ಲ ಅನ್ನುವವರಿಗೆ

ಅಮೆರಿಕದ ವಾಷಿಂಗ್ಟನ್ ರಾಜ್ಯದ ನದಿಗಳಲ್ಲಿ ಸ್ಟೀಲ್‌ಹೆಡ್ (ಸಮುದ್ರಕ್ಕೆ ಹೋಗಿ ಬರುವ ರೇನ್‌ಬೋ ಟ್ರೌಟ್ ಮೀನು) ಹಿಡಿಯೋ ಆಸೆಯಿಂದ ಬರುವವರಿಗೆ ದಾರಿ ತೋರಿಸುವುದು ನನ್ನ ಕೆಲಸ. ರೆಡ್ಮಂಡ್, ಬೆಲ್‌ವ್ಯೂ ಕಡೆಯ ನಮ್ಮ ಕನ್ನಡದವರೂ ಬರುತ್ತಾರೆ. ಲೈಸೆನ್ಸು, ಹಿಡಿದ ಮೀನಿನ ಲೆಕ್ಕ ಬರೆಯುವ ಕ್ಯಾಚ್ ಕಾರ್ಡು ಎಲ್ಲಾ ಅಚ್ಚುಕಟ್ಟು. ಮೀನು ಬಲೆಗೆ ಬಂತೋ, ಶುರು: "ಎತ್ತಿಕೊಂಡು ಒಂದೇ ಒಂದು ಫೋಟೊ ಸಾರ್, ಹೇಗೂ ಬಿಡ್ತೀವಲ್ಲ!"

ಎಷ್ಟು ಸಲ ಹೇಳಲಿ? ಬಿಡಲೇಬೇಕಾದ ಸ್ಟೀಲ್‌ಹೆಡ್ಡನ್ನು ಇಲ್ಲಿನ ನದಿಗಳಲ್ಲಿ ನೀರಿನಿಂದ ಪೂರ್ತಿ ಎತ್ತುವುದೇ ತಪ್ಪು. ಎರಡೇ ಸೆಕೆಂಡ್ ಆದರೂ ತಪ್ಪೇ. ಬಿಡುವುದು ಒಂದು ನಿಯಮ, ಎತ್ತದಿರುವುದು ಇನ್ನೊಂದು. ಒಂದನ್ನು ಪಾಲಿಸಿದರೆ ಇನ್ನೊಂದಕ್ಕೆ ಮಾಫಿ ಇಲ್ಲ.

"ಹ್ಯಾಚರಿಯದಾ (ಮರಿ ಬೆಳೆಸಿ ನದಿಗೆ ಬಿಡುವ ಕೇಂದ್ರದ್ದಾ) ಅಂತ ನೋಡೋಕೆ ಎತ್ತಿದೆ" ಅನ್ನುವವರೂ ಇದ್ದಾರೆ. ಎತ್ತಬೇಕಾಗಿಲ್ಲ. ಬಲೆ ನೀರಲ್ಲೇ ಇರಲಿ, ಬಗ್ಗಿ ನೋಡಿ. ಬೆನ್ನಿನ ದೊಡ್ಡ ರೆಕ್ಕೆಗೂ ಬಾಲಕ್ಕೂ ನಡುವೆ ಮೆತ್ತಗಿನ ಒಂದು ಪುಟ್ಟ ರೆಕ್ಕೆ ಇರುತ್ತದೆ, ಅಡಿಪೋಸ್ ಅಂತಾರೆ. ಹ್ಯಾಚರಿಯಲ್ಲಿ ಅದನ್ನು ಮರಿಯಲ್ಲೇ ಕತ್ತರಿಸಿರುತ್ತಾರೆ, ಅಲ್ಲಿ ಮಾಗಿದ ಗಾಯದ ಗುರುತು ಕಾಣುತ್ತೆ. ರೆಕ್ಕೆ ಇದ್ದರೆ ನದಿಯಲ್ಲೇ ಹುಟ್ಟಿದ್ದು ಅಂತ ಲೆಕ್ಕ, ಬಿಡಿ. ಅನುಮಾನ ಬಂದರೂ ಬಿಡಿ.

ಅಷ್ಟು ಹೊತ್ತು ಗಾಳದ ಜೊತೆ ಗುದ್ದಾಡಿದ ಮೀನನ್ನು ಗಾಳಿಗೆ ಎತ್ತುವುದೆಂದರೆ ಓಡಿ ಏದುಸಿರು ಬಿಡುವವನ ಮೂಗು ಮುಚ್ಚಿದ ಹಾಗೆ. ಕಿವಿರಿನ ಎಳೆಗಳು ನೀರಿಲ್ಲದೆ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಇಲ್ಲಿನ ಸಾಲ್ಮನ್ ಮೊಟ್ಟೆಯಿಟ್ಟ ಮೇಲೆ ಸಾಯುತ್ತೆ, ಆದರೆ ಸ್ಟೀಲ್‌ಹೆಡ್‌ಗಳಲ್ಲಿ ಕೆಲವು ಸಮುದ್ರಕ್ಕೆ ವಾಪಸ್ ಹೋಗಿ ಇನ್ನೊಮ್ಮೆ ಮೊಟ್ಟೆಯಿಡಲು ಬರುತ್ತವೆ, ಬದುಕಿದ್ದರೆ. ಸಿಯಾಟಲ್ ಪಕ್ಕದ ಕಡಲ ಚಾಚು ಪ್ಯೂಜೆಟ್ ಸೌಂಡ್ ಕಡೆಯವು 2007ರಿಂದಲೇ ಅಪಾಯದ ಪಟ್ಟಿಯಲ್ಲಿವೆ.

ಮೈಸೂರಿನ ಹುಡುಗನೊಬ್ಬ ಬಂದಿದ್ದ. ಅವರಪ್ಪ ಹಿಂದೆ ಭೀಮೇಶ್ವರಿಯಲ್ಲಿ ಕಾವೇರಿಯ ಬಿಳಿಮೀನನ್ನು (ಮಹಶೀರ್) ಎದೆಗೆ ಆನಿಸಿಕೊಂಡ ಫೋಟೊ ಫೋನಲ್ಲಿತ್ತು. ಥೇಟ್ ಅಂಥದ್ದೇ ಬೇಕು ಅಂತ ಹಟ. ಆಗಲ್ಲಪ್ಪ ಅಂದೆ, ಮುಖ ಊದಿಸಿಕೊಂಡ. ಕೊನೆಗೆ ಕೊರೆಯುವ ನೀರಲ್ಲಿ ಮಂಡಿಯೂರಿ, ಒದ್ದೆ ಕೈಯಲ್ಲಿ ಬಾಲದ ಬುಡ ಹಿಡಿದ. ನಾನು ಕ್ಯಾಮೆರಾ ನೀರಿನ ಮಟ್ಟಕ್ಕೆ ಇಳಿಸಿ ಕ್ಲಿಕ್ಕಿಸುವಷ್ಟರಲ್ಲಿ ಮೀನು ಅವನ ಮುಖಕ್ಕೆ ನೀರೆರಚಿ ಹೋಗೇಬಿಟ್ಟಿತು. ಅಪ್ಪನಿಗೆ ಕಳಿಸಿದ. "ಮೀನೆಲ್ಲೋ?" ಅಂತ ಉತ್ತರ ಬಂತು. ಒಳ್ಳೇ ಹುಡುಗ, ಆಮೇಲೂ ಬರ್ತಾನೆ.

ನಿಯಮ ನದಿಗೊಂದು ಥರ, ಸೀಸನ್ ನಡುವೆಯೂ ಬದಲಾಗುತ್ತೆ. ನನ್ನ ಮಾತು ನಂಬಿ ಸುಮ್ನೆ ಹೊರಡಬೇಡಿ, ಅವತ್ತು ಬೆಳಿಗ್ಗೆ ರಾಜ್ಯದ ಮೀನು-ವನ್ಯಜೀವಿ ಇಲಾಖೆಯ ವೆಬ್‌ಸೈಟ್ ನೋಡಿ. ಮುಳ್ಳಿಲ್ಲದ ಗಾಳ ಕೇಳಿದ ಕಡೆ ಇಕ್ಕಳದಿಂದ ಗಾಳದ ತುದಿಯ ಹಿಮ್ಮುಖ ಮುಳ್ಳನ್ನು ಚಪ್ಪಟೆ ಒತ್ತಿ, ಅಂಗಿಯ ತುದಿಗೆ ಚುಚ್ಚಿ ಎಳೆಯಿರಿ. ಬಟ್ಟೆಯ ದಾರ ಸಿಕ್ಕಿಕೊಂಡರೆ ಇನ್ನೊಮ್ಮೆ ಒತ್ತಿ.