ಅಹರ್ಗಣವೂ ಆಫೀಸಿನ ಕ್ಯಾಲೆಂಡರೂ

ನನ್ನ ಲ್ಯಾಪ್‌ಟಾಪಿನಲ್ಲಿ ಐದು ಕ್ಯಾಲೆಂಡರ್‌ಗಳು ಒಂದೇ ಪುಟದಲ್ಲಿ ಕಾಣುತ್ತವೆ. ಆಫೀಸಿನದು ನೀಲಿ, ಮನೆಯದು ಹಸಿರು, ಮಗಳ ಶಾಲೆಯದು ಹಳದಿ, ಸರ್ಕಾರಿ ರಜೆಗಳದು ಕೆಂಪು, ಹಬ್ಬಗಳಿಗೆ ನಾನೇ ಮಾಡಿಕೊಂಡದ್ದು ಕೇಸರಿ. ನೋಡಿದವರು "ಎಲ್ಲಾ ಸೇರಿಸಿ ಒಂದು ಮಾಡಿಬಿಟ್ಟಿದ್ದೀರಲ್ಲ" ಅನ್ನುತ್ತಾರೆ. ನಿಜವಾಗಿ ಒಂದೂ ಸೇರಿಲ್ಲ. ಐದು ಗಾಜಿನ ಹಾಳೆಗಳನ್ನು ಒಂದರ ಮೇಲೊಂದು ಇಟ್ಟು ಆ್ಯಪ್ ಮೇಲಿನಿಂದ ತೋರಿಸುತ್ತದೆ, ಅಷ್ಟೇ. ಹಳದಿ ಹಾಳೆ ತೆಗೆದರೆ ನೀಲಿಗೆ ಏನೂ ಆಗುವುದಿಲ್ಲ.

ಇಲ್ಲೇ ತುಂಬಾ ಜನ ಎಡವುತ್ತಾರೆ. ಶಾಲೆಯವರು ಕಳಿಸಿದ ಐಸಿಎಸ್ ಫೈಲನ್ನು, ಅಂದರೆ ಕ್ಯಾಲೆಂಡರಿನ ವಿವರಗಳನ್ನು ತುಂಬಿಟ್ಟ ಫೈಲನ್ನು, ಇಂಪೋರ್ಟ್ ಮಾಡಿದರೆ ಸಿಗುವುದು ಜೆರಾಕ್ಸ್ ಪ್ರತಿ. ಅವರು ಪರೀಕ್ಷೆ ಮುಂದೂಡಿದರೂ ನಿಮ್ಮಲ್ಲಿ ಹಳೇ ತಾರೀಖೇ ಇರುತ್ತದೆ. ಲಿಂಕ್ ಹಾಕಿ ಸಬ್‌ಸ್ಕ್ರೈಬ್ ಆದರೆ ಆ್ಯಪ್ ಆಗಾಗ ಹೋಗಿ ಹೊಸದನ್ನು ತರುತ್ತದೆ.

ಆದರೆ ನನಗೆ ಖುಷಿ ಕೊಡುವ ವಿಷಯ ಬೇರೆ. ಈ ಹಾಳೆಗಳು ಸರಿಯಾಗಿ ಒಂದರ ಮೇಲೊಂದು ಕೂರುವುದು ಹೇಗೆ? ನ್ಯೂಯಾರ್ಕಿನವರ ಬೆಳಿಗ್ಗೆ, ಲಂಡನ್ನಿನವರ ಮಧ್ಯಾಹ್ನ, ನಮ್ಮ ಸಂಜೆ, ಮೂರೂ ಒಂದೇ ಮೀಟಿಂಗ್ ಅಂತ ಆ್ಯಪಿಗೆ ಯಾರು ಹೇಳಿದರು? ಒಬ್ಬರ ಕ್ಯಾಲೆಂಡರನ್ನು ಇನ್ನೊಬ್ಬರದಕ್ಕೆ ತಿರುಗಿಸುವ ಗೋಜಿಗೇ ಅದು ಹೋಗುವುದಿಲ್ಲ. ಎಲ್ಲವನ್ನೂ ಒಂದೇ ಎಣಿಕೆಗೆ ಇಳಿಸುತ್ತದೆ. ಕಂಪ್ಯೂಟರುಗಳಲ್ಲಿ ಸಾಮಾನ್ಯವಾಗಿ ಆ ಎಣಿಕೆ 1970ರ ಜನವರಿ 1ರಿಂದ ಎಷ್ಟು ಸೆಕೆಂಡ್ ಕಳೆಯಿತು ಅನ್ನುವುದು. ತಿಂಗಳಿಲ್ಲ, ವಾರವಿಲ್ಲ, ಬರೀ ಒಂದು ಸಂಖ್ಯೆ. ದರ್ಜಿಯ ಟೇಪು ನೋಡಿ. ಒಂದು ಕಡೆ ಇಂಚು, ಇನ್ನೊಂದು ಕಡೆ ಸೆಂಟಿಮೀಟರ್, ಅಳೆಯುವ ಬಟ್ಟೆ ಒಂದೇ. ಅಥವಾ ಹೆದ್ದಾರಿಯ ಕಲ್ಲು ನೆನೆಸಿಕೊಳ್ಳಿ. ಮೈಸೂರಿನಿಂದ ಬಂದವರಿಗೆ ಒಂದು ದೂರ, ಬೆಂಗಳೂರಿನಿಂದ ಬಂದವರಿಗೆ ಇನ್ನೊಂದು, ಕಲ್ಲು ಮಾತ್ರ ನಿಂತಲ್ಲೇ ನಿಂತಿದೆ.

ಈ ಉಪಾಯ ಕಂಪ್ಯೂಟರಿನವರು ಕಂಡುಹಿಡಿದದ್ದಲ್ಲ. ಸೌರಮಾನ, ಚಾಂದ್ರಮಾನ ಎರಡನ್ನೂ ನಿಭಾಯಿಸಬೇಕಿದ್ದ ನಮ್ಮ ಹಳೆಯ ಗಣಿತದವರು ಅಹರ್ಗಣ ಅಂತ ಒಂದು ಎಣಿಕೆ ಇಟ್ಟುಕೊಂಡಿದ್ದರು. ಅಹಸ್ ಅಂದರೆ ದಿನ, ಗಣ ಅಂದರೆ ಗುಂಪು. ಕಲಿಯುಗ ಶುರುವಾಯಿತು ಅಂತ ಹಿಡಿದ ದಿನದಿಂದ, ಅಂದರೆ ಕ್ರಿ.ಪೂ. 3102ರ ಫೆಬ್ರವರಿ 18ರ ಶುಕ್ರವಾರದಿಂದ, ದಿನಗಳನ್ನು ಸುಮ್ನೆ ಎಣಿಸುತ್ತಾ ಹೋಗುವುದು. ಗ್ರಹ ಎಲ್ಲಿದೆ ಅಂತ ಲೆಕ್ಕ ಹಾಕಬೇಕಾದರೆ ಮೊದಲು ಅಹರ್ಗಣ. ಕೇರಳದ ಮೇಲ್ಪತ್ತೂರ್ ನಾರಾಯಣ ಭಟ್ಟತಿರಿಯವರ 'ನಾರಾಯಣೀಯಂ' ಮುಗಿಯುವುದು 'ಆಯುರಾರೋಗ್ಯಸೌಖ್ಯಂ' ಅನ್ನುವ ಪದದಿಂದ. ಕಟಪಯಾದಿ ಪದ್ಧತಿಯಂತೆ ಅಕ್ಷರಗಳನ್ನು ಅಂಕಿ ಮಾಡಿ ಹಿಂದಿನಿಂದ ಓದಿದರೆ 17,12,210 ಬರುತ್ತದೆ. ಕೃತಿ ಮುಗಿದ ದಿನದ ಅಹರ್ಗಣ ಅದು! ಹಾರೈಕೆಯೊಳಗೇ ತಾರೀಖು.

ಇದನ್ನು ಹಿಡಿದುಕೊಂಡು "ನಮ್ಮ ಪೂರ್ವಿಕರಿಗೆ ಕಂಪ್ಯೂಟರ್ ಗೊತ್ತಿತ್ತು" ಅಂತ ವಾಟ್ಸಾಪಿನಲ್ಲಿ ದಯವಿಟ್ಟು ಹಂಚಬೇಡಿ. ಅವರಿಗೆ ಎಣಿಕೆ ಗೊತ್ತಿತ್ತು, ಅದೇ ದೊಡ್ಡದು. ಆ ಶುಕ್ರವಾರ ಏನೋ ಭಾರೀ ಘಟನೆ ನಡೆಯಿತು ಅಂತ ನಂಬಬೇಕಾಗಿಯೂ ಇಲ್ಲ. ಎಣಿಕೆಗೆ ಒಂದು ಸೊನ್ನೆ ಬೇಕು, ಗಣಿತಕ್ಕೆ ಅನುಕೂಲವಾದ ಕಡೆ ಇಟ್ಟುಕೊಂಡರು. ಒಂದು ಲೆಕ್ಕ ನೀವೇ ಮಾಡಿ ನೋಡಿ. 1970ರ ಜನವರಿ 1ಕ್ಕೆ ಕಲಿಯ ಮೊದಲ ದಿನದಿಂದ 18,52,122 ದಿನ ಕಳೆದಿದ್ದವು. ಅದನ್ನು 7ರಿಂದ ಭಾಗಿಸಿದರೆ 6 ಉಳಿಯುತ್ತದೆ. ಶುಕ್ರವಾರದಿಂದ ಆರು ದಿನ ಮುಂದೆ ಹೋದರೆ ಗುರುವಾರ. ಕಂಪ್ಯೂಟರುಗಳ ಮೊದಲ ದಿನ ಗುರುವಾರವೇ. ಐದು ಸಾವಿರ ವರ್ಷದ ಅಂತರದ ಎರಡು ಸೊನ್ನೆಗಳು ಒಂದೇ ದಾರದ ಮೇಲೆ ಕೂತಿವೆ.

ಹಾಗಂತ ಸಂಖ್ಯೆಯೊಂದೇ ಸಾಲದು. ನ್ಯೂಯಾರ್ಕಿನ ಬೆಳಿಗ್ಗೆ 9ರ ಮೀಟಿಂಗ್ ಚಳಿಗಾಲದಲ್ಲಿ ನಮಗೆ ಸಂಜೆ 7.30ಕ್ಕೆ. ಮಾರ್ಚಿನ ಎರಡನೇ ಭಾನುವಾರ ಅವರು ಬೇಸಿಗೆಗಾಗಿ ಗಡಿಯಾರವನ್ನು ಒಂದು ಗಂಟೆ ಮುಂದೆ ತಿರುಗಿಸಿದ ಮೇಲೆ 6.30ಕ್ಕೆ. ಲಂಡನ್ನಿನವರು ತಿರುಗಿಸುವುದು ಮಾರ್ಚಿನ ಕೊನೆಯ ಭಾನುವಾರ, ಹಾಗಾಗಿ ನಡುವಿನ ಎರಡು ಮೂರು ವಾರ ಎಲ್ಲರಿಗೂ ಗೊಂದಲ. ಅದಕ್ಕೇ ವಾರವಾರದ ಮೀಟಿಂಗುಗಳನ್ನು ಬರೀ ಸಂಖ್ಯೆಯಾಗಿ ಇಡದೆ "ನ್ಯೂಯಾರ್ಕಿನ 9 ಗಂಟೆ" ಅಂತ ಊರಿನ ಹೆಸರಿನ ಜೊತೆಗೇ ಬರೆದಿಡಲಾಗುತ್ತದೆ. ಪ್ರತಿ ಸಲ ಆ ಊರಿನ ನಿಯಮ ನೋಡಿ ಸಂಖ್ಯೆಗೆ ಇಳಿಸುತ್ತಾರೆ.

ಹುಟ್ಟುಹಬ್ಬ ಇನ್ನೊಂದು ಜಾತಿ. ಅಮ್ಮನ ಹುಟ್ಟುಹಬ್ಬವನ್ನು ನಾನು ರಾತ್ರಿ 12ರಿಂದ ಮರುದಿನ ರಾತ್ರಿ 12ರವರೆಗೆ ಅಂತ ಹಾಕಿ, ನ್ಯೂಜೆರ್ಸಿಯಲ್ಲಿರುವ ಅಣ್ಣನ ಜೊತೆ ಹಂಚಿಕೊಂಡಿದ್ದೆ. ಅವನು ಒಂದು ದಿನ ಮೊದಲೇ ಫೋನ್ ಮಾಡಿದ. ನಮ್ಮ ನಡುರಾತ್ರಿ ಅವನಿಗೆ ಹಿಂದಿನ ದಿನದ ಮಧ್ಯಾಹ್ನ, ಅಲ್ವಾ? 'ಪೂರ್ತಿ ದಿನ' ಅಂತ ಗುರುತು ಹಾಕಿದ್ದರೆ ಆ್ಯಪ್ ಅದನ್ನು ಕ್ಷಣವಾಗಿ ಅಲ್ಲ, ತಾರೀಖಾಗಿ ಇಟ್ಟುಕೊಳ್ಳುತ್ತಿತ್ತು. ಆಗ ಯಾವ ಊರಿನಲ್ಲೂ ಅದು ಹಿಂದಿನ ದಿನಕ್ಕೋ ಮುಂದಿನ ದಿನಕ್ಕೋ ಸರಿಯುತ್ತಿರಲಿಲ್ಲ.

ಗಣೇಶ ಚೌತಿ ಈ ಎರಡೂ ಜಾತಿಗೆ ಸೇರುವುದಿಲ್ಲ. ಚಂದ್ರ ಸೂರ್ಯನಿಂದ 12 ಡಿಗ್ರಿ ಮುಂದೆ ಹೋದಂತೆಲ್ಲ ಒಂದೊಂದು ತಿಥಿ. ತಿಥಿ ಶುರುವಾಗುವ ಕ್ಷಣ ಜಗತ್ತಿಗೆಲ್ಲ ಒಂದೇ. ಹಬ್ಬ ಯಾವ ದಿನ ಅನ್ನುವುದನ್ನು ಮಾತ್ರ ಆಯಾ ಊರಿನ ಸೂರ್ಯ ನಿರ್ಧರಿಸುತ್ತಾನೆ. 'ಪ್ರತಿ ವರ್ಷ' ಅಂತ ಒತ್ತಿದರೆ ಆ್ಯಪಿಗೆ ಇದು ತಿಳಿಯುವುದಿಲ್ಲ. 2015ರಲ್ಲಿ ಐಕ್ಯಾಲೆಂಡರ್ ನಿಯಮಕ್ಕೆ, ಅಂದರೆ ಐಸಿಎಸ್ ಫೈಲುಗಳನ್ನು ಹೇಗೆ ಬರೆಯಬೇಕು ಅಂತ ಹೇಳುವ ನಿಯಮಕ್ಕೆ, ಚೀನೀ, ಹೀಬ್ರೂ ಮೊದಲಾದ ಕ್ಯಾಲೆಂಡರ್‌ಗಳ ಪ್ರಕಾರ ಮರುಕಳಿಸುವ ದಾರಿ ಸೇರಿತು. ಭಾರತದ ಹೆಸರಿನಲ್ಲಿ ಅಲ್ಲಿರುವುದು 1957ರಲ್ಲಿ ಸರ್ಕಾರ ತಂದ ಶಕ ಕ್ಯಾಲೆಂಡರ್. ಅದು ಸೂರ್ಯನ ಲೆಕ್ಕ, ಚೌತಿಗೆ ಉಪಯೋಗವಿಲ್ಲ. 2025ರಲ್ಲಿ ಚೌತಿ ಆಗಸ್ಟ್ 27ಕ್ಕೆ ಬಂದಿತ್ತು. 2026ರಲ್ಲಿ ಅಧಿಕ ಜ್ಯೇಷ್ಠ ಅನ್ನುವ ಹೆಚ್ಚುವರಿ ತಿಂಗಳು ನಡುವೆ ನುಗ್ಗುವುದರಿಂದ ಸೆಪ್ಟೆಂಬರ್ 14. ಕೇಸರಿ ಹಾಳೆಯಲ್ಲಿ ಅದನ್ನು ಕೈಯಾರೆ ಬರೆದಿದ್ದೇನೆ, ಪೂರ್ತಿ ದಿನ ಅಂತ. ಅಣ್ಣನ ಊರಿಗೆ ಯಾವ ದಿನ ಅಂತ ಬೇರೆಯಾಗಿ ನೋಡಬೇಕು.