ಜಾಮ್ ಮುಗಿದ ಮೇಲೆ: ರೇಟಿಂಗ್, ಕಮೆಂಟ್, ನಡುವೆ ಒಂದು ವರ್ಗಮೂಲ

ಗೇಮ್ ಜಾಮ್ ಅಂದರೆ ಗೊತ್ತುಮಾಡಿದ ಸಮಯದೊಳಗೆ ಒಂದು ವಿಡಿಯೊ ಗೇಮ್ ಮಾಡಿ ಸಲ್ಲಿಸುವುದು, ಅದಕ್ಕಿಂತ ಜಾಸ್ತಿ ಇಲ್ಲಿ ವಿವರಿಸಲ್ಲ. ಒಂದಾದರೂ ಜಾಮ್‌ಗೆ ಆಟ ಸಲ್ಲಿಸಿ, 'ಸರಿ, ಈಗೇನು?' ಅಂತ ಕೂತವರಿಗೆ ಈ ಟಿಪ್ಪಣಿ. ಆಟ ಮಾಡುವುದು ಹೇಗೆ ಅಂತ ಹೇಳುವ ವಿಡಿಯೊಗಳು ರಾಶಿ ಬಿದ್ದಿವೆ. ಸಲ್ಲಿಸಿದ ಮೇಲಿನ ದಿನಗಳ ಬಗ್ಗೆ ಹೇಳುವವರು ಕಡಿಮೆ. ಬೇರೆಯವರ ಆಟ ಆಡಿ ಏನು ಬರೆಯಬೇಕು, ನಮ್ಮ ಆಟಕ್ಕೆ ಬಂದಿದ್ದನ್ನು ಹೇಗೆ ಓದಬೇಕು ಅನ್ನೋದು ನನ್ನ ತಲೆಗೆ ಹತ್ತಿದ್ದು ಈಚೆಗೆ. ಮರೆಯುವ ಮೊದಲು ಬರೆದಿಡುತ್ತಿದ್ದೇನೆ.

ಯಾವ ಜಾಮ್‌ನಲ್ಲಿ ಯಾವ ಲೆಕ್ಕ

ಮೂರು ಗೊತ್ತಿದ್ದರೆ ಸಾಕು.

ಗ್ಲೋಬಲ್ ಗೇಮ್ ಜಾಮ್ 2009ರಲ್ಲಿ ಶುರುವಾಯಿತು. ಊರೂರಲ್ಲಿ ಜನ ಒಂದೆಡೆ ಸೇರಿ ಮಾಡುವಂಥದ್ದು, ಬೆಂಗಳೂರಲ್ಲೂ ಸೇರುತ್ತಾರೆ. ಅಲ್ಲಿ ರ‍್ಯಾಂಕ್ ಅನ್ನೋದೇ ಇಲ್ಲ. ಪಕ್ಕದ ಟೇಬಲ್‌ನವರು ಆಡಿ ಮುಖಕ್ಕೇ ಹೇಳುತ್ತಾರೆ, ಅಷ್ಟೇ.

ಲುಡಮ್ ಡೇರ್ 2002ರಿಂದ ಇದೆ. 48 ಗಂಟೆಯಲ್ಲಿ ಒಬ್ಬರೇ ಮಾಡಿದರೆ 'ಕಾಂಪೋ', 72 ಗಂಟೆಯಲ್ಲಿ ತಂಡ ಕಟ್ಟಿಕೊಂಡು ಮಾಡಿದರೆ 'ಜಾಮ್'. ಒಟ್ಟಾರೆ, ಮೋಜು, ಹೊಸತನ, ಥೀಮ್, ಗ್ರಾಫಿಕ್ಸ್, ಆಡಿಯೊ, ಹಾಸ್ಯ, ಮೂಡ್ ಅಂತ ಎಂಟು ವಿಭಾಗಕ್ಕೆ ಆಟ ಸಲ್ಲಿಸಿದವರೇ ಒಬ್ಬರಿಗೊಬ್ಬರು ಸ್ಟಾರ್ ಕೊಡುತ್ತಾರೆ. ಕನಿಷ್ಠ 20 ರೇಟಿಂಗ್ ಬರದಿದ್ದರೆ ರ‍್ಯಾಂಕ್ ಸಿಗಲ್ಲ.

ಮೂರನೆಯದು ಜಿಎಂಟಿಕೆ ಜಾಮ್. ಮಾರ್ಕ್ ಬ್ರೌನ್ 'ಗೇಮ್ ಮೇಕರ್ಸ್ ಟೂಲ್ಕಿಟ್' (ಜಿಎಂಟಿಕೆ) ಅನ್ನುವ ತಮ್ಮ ಯೂಟ್ಯೂಬ್ ಚಾನೆಲ್ ಮೂಲಕ 2017ರಲ್ಲಿ ಶುರು ಮಾಡಿದ್ದು. ಇದು ನಡೆಯುವುದು ಇಚ್ ಡಾಟ್ ಐಒ ಅನ್ನುವ, ಯಾರು ಬೇಕಾದರೂ ತಮ್ಮ ಆಟ ಹಾಕಬಹುದಾದ ವೆಬ್ ತಾಣದಲ್ಲಿ. ಸಾವಿರಾರು ಆಟಗಳು ಬಂದು ಬೀಳುತ್ತವೆ. ಚಿಕ್ಕ ಪುಟ್ಟ ಜಾಮ್‌ಗಳಲ್ಲೂ ಬಹಳಷ್ಟು ಇಚ್‌ನಲ್ಲೇ ನಡೆಯುವುದರಿಂದ, ಅಲ್ಲಿನ ಲೆಕ್ಕವನ್ನೇ ಕಲಿಯಬೇಕು. ನನ್ನ ತಲೆ ಕೆಟ್ಟಿದ್ದೂ ಅಲ್ಲೇ.

ಇಚ್‌ನ ವರ್ಗಮೂಲ

ಫಲಿತಾಂಶದ ಪುಟದಲ್ಲಿ ಎರಡು ಅಂಕಿ ಇರುತ್ತವೆ. ಒಂದು 'ಸ್ಕೋರ್', ಇನ್ನೊಂದು 'ರಾ ಸ್ಕೋರ್'. ರಾ ಸ್ಕೋರ್ ಅಂದರೆ ಬಂದ ಸ್ಟಾರ್‌ಗಳ ಸರಾಸರಿ. ರ‍್ಯಾಂಕ್ ಕೊಡುವುದು ಮಾತ್ರ ಇನ್ನೊಂದರ ಮೇಲೆ. 4.4 ಬಂದವರು 3.6 ಬಂದವರಿಗಿಂತ ಕೆಳಗೆ ಇರುತ್ತಾರೆ. ಯಾಕೆ?

ಹತ್ತನೇ ಕ್ಲಾಸಿನಲ್ಲಿ ಓದಿದ ಮಧ್ಯಾಂಕ ನೆನಪಿದೆಯಾ? ಎಲ್ಲ ಸಂಖ್ಯೆಗಳನ್ನೂ ಏರಿಕೆ ಕ್ರಮದಲ್ಲಿ ಬರೆದರೆ ನಟ್ಟನಡುವೆ ಬರುವುದು. ಇಚ್ ಜಾಮ್‌ನ ಪ್ರತಿ ಆಟಕ್ಕೂ ಎಷ್ಟು ರೇಟಿಂಗ್ ಬಂತು ಅಂತ ನೋಡಿ, ಆ ಎಣಿಕೆಗಳ ಮಧ್ಯಾಂಕ ತೆಗೆಯುತ್ತದೆ. ಗಮನಿಸಿ, ಸ್ಟಾರ್‌ಗಳ ಮಧ್ಯಾಂಕ ಅಲ್ಲ. ಎಷ್ಟು ಜನ ರೇಟ್ ಮಾಡಿದರು ಅನ್ನೋದರ ಮಧ್ಯಾಂಕ. ಈ ಎರಡನ್ನು ಕಲಸಿಕೊಂಡರೆ ಮುಂದಿನದು ಒಂದೂ ಅರ್ಥ ಆಗಲ್ಲ.

ನಿಮ್ಮ ಆಟಕ್ಕೆ ಮಧ್ಯಾಂಕದಷ್ಟೋ ಅದಕ್ಕಿಂತ ಜಾಸ್ತಿಯೋ ರೇಟಿಂಗ್ ಬಂದಿದ್ದರೆ ಸರಾಸರಿ ಹಾಗೇ ಉಳಿಯುತ್ತದೆ. ಕಡಿಮೆ ಬಂದಿದ್ದರೆ ಹೀಗೆ:

ಸ್ಕೋರ್ = ಸರಾಸರಿ × √(ಬಂದ ರೇಟಿಂಗ್ ÷ ಮಧ್ಯಾಂಕ)

ಮಧ್ಯಾಂಕ 16 ಅಂತ ಇಟ್ಟುಕೊಳ್ಳೋಣ, ವರ್ಗಮೂಲ ಸುಲಭ.

ಒಂದು ಆಟಕ್ಕೆ 9 ಜನ ರೇಟ್ ಮಾಡಿದ್ದಾರೆ, ಸರಾಸರಿ 4.4. √(9÷16) ಅಂದರೆ 3÷4, ಅಂದರೆ 0.75. 4.4 × 0.75 = 3.3. ಇನ್ನೊಂದು ಆಟಕ್ಕೆ 25 ಜನ, ಸರಾಸರಿ 3.6. ಅದಕ್ಕೆ ಕಡಿತ ಇಲ್ಲ, 3.6 ಹಾಗೇ ನಿಲ್ಲುತ್ತದೆ. ಎರಡನೆಯದೇ ಮೇಲೆ.

25 ಜನ ರೇಟ್ ಮಾಡಿದ್ದಕ್ಕೆ ಬೋನಸ್ ಏನಾದರೂ ಸಿಕ್ಕಿತಾ? ಇಲ್ಲ. 16 ಆದರೂ ಅಷ್ಟೇ, 200 ಆದರೂ ಅಷ್ಟೇ. 'ಜಾಸ್ತಿ ರೇಟಿಂಗ್ ಬಂದರೆ ಜಾಸ್ತಿ ಸ್ಕೋರ್' ಅನ್ನೋದು ಮಧ್ಯಾಂಕ ಮುಟ್ಟುವವರೆಗೆ ಮಾತ್ರ ನಿಜ.

ಈಗ ವರ್ಗಮೂಲ ಯಾಕೆ ಬೇಕು, ನೇರವಾಗಿ ಭಾಗಿಸಿದರೆ ಆಗಲ್ವಾ ಅನ್ನೋ ಪ್ರಶ್ನೆ. ನೇರವಾಗಿ ಭಾಗಿಸಿದರೆ 9÷16 ಸುಮಾರು 0.56. 4.4 ಇದ್ದದ್ದು 2.5ರ ಹತ್ತಿರ ಬಂದು ನಿಲ್ಲುತ್ತಿತ್ತು. ವರ್ಗಮೂಲ ಆ ಹೊಡೆತವನ್ನು ಮೆತ್ತಗೆ ಮಾಡುತ್ತದೆ. ಇನ್ನೊಂದು ಮಜಾ ನೋಡಿ. 4 ರೇಟಿಂಗ್ ಇದ್ದಾಗ ಗುಣಕ √(4÷16), ಅಂದರೆ 0.5. 9 ಆದಾಗ 0.75. 16 ಆದಾಗ 1. ನಾಲ್ಕರಿಂದ ಒಂಬತ್ತಕ್ಕೆ ಹೋಗಲು ಬೇಕಾದದ್ದು 5 ಜನ, ಏರಿದ್ದು 0.25. ಒಂಬತ್ತರಿಂದ ಹದಿನಾರಕ್ಕೆ ಬೇಕಾದದ್ದು 7 ಜನ, ಏರಿದ್ದು ಅದೇ 0.25. ಮೊದಮೊದಲು ಬರುವ ರೇಟಿಂಗ್‌ಗೇ ಬೆಲೆ ಜಾಸ್ತಿ.

ಕೊನೆಯದಾಗಿ, ಈ ಮಧ್ಯಾಂಕ ನಿಂತ ನೀರಲ್ಲ. ವೋಟಿಂಗ್, ಅಂದರೆ ರೇಟ್ ಮಾಡುವ ಅವಧಿ, ಶುರುವಾದ ಎರಡನೇ ದಿನ 9 ರೇಟಿಂಗ್ ಇದ್ದರೆ ನೀವು ಮಧ್ಯಾಂಕದ ಮೇಲೇ ಇರಬಹುದು. ಎಲ್ಲರೂ ಎಲ್ಲರದ್ದನ್ನೂ ಆಡುತ್ತಾ ಹೋದಂತೆ ಅದೂ ಏರುತ್ತದೆ. ಲೆಕ್ಕ ಹಾಕುವುದು ವೋಟಿಂಗ್ ಮುಗಿದಾಗಿನ ಮಧ್ಯಾಂಕದ ಮೇಲೆ. ಹಾಗಾಗಿ 'ನಮಗೆ ಸಾಕಷ್ಟು ಬಂತು' ಅಂತ ಅರ್ಧದಲ್ಲಿ ಕೈ ಕಟ್ಟಿ ಕೂರಬಾರದು.

ರೇಟಿಂಗ್ ಬರಿಸುವ ದಾರಿ ಒಂದೇ: ನೀವು ಬೇರೆಯವರ ಆಟ ಆಡಿ ರೇಟ್ ಮಾಡುವುದು. ಇಚ್‌ನಲ್ಲೂ ಲುಡಮ್ ಡೇರ್‌ನಲ್ಲೂ ಜಾಸ್ತಿ ರೇಟ್ ಮಾಡಿದವರ ಆಟವನ್ನು ಪಟ್ಟಿಯಲ್ಲಿ ಮುಂದಕ್ಕೆ ತರುವ ವ್ಯವಸ್ಥೆ ಇದೆ. ಜೊತೆಗೆ, ನೀವು ಕಮೆಂಟ್ ಹಾಕಿದವರು ನಿಮ್ಮ ಹೆಸರು ಒತ್ತಿ ನಿಮ್ಮ ಆಟಕ್ಕೂ ಬರುತ್ತಾರೆ.

ಅದಕ್ಕೇ ಕಮೆಂಟ್‌ಗಳು ಹಾಗಿರುತ್ತವೆ

ಮೇಲಿನ ಲೆಕ್ಕ ಅರ್ಥವಾದರೆ 'ಸೂಪರ್ ಗೇಮ್! ನಮ್ಮದೂ ಆಡಿ' ಅನ್ನುವ ಕಮೆಂಟ್‌ಗಳು ಯಾಕೆ ಅಷ್ಟೊಂದು ಅಂತ ಕೇಳಬೇಕಾಗಿಲ್ಲ. ವ್ಯವಸ್ಥೆ ಎಣಿಸುವುದು ತಲೆಗಳನ್ನು, ಮಾತುಗಳನ್ನಲ್ಲ. ಮದುವೆ ಮನೆಯ ಮುಯ್ಯಿ ಇದ್ದ ಹಾಗೆ, ಅವರು ಹಾಕಿದ್ದಾರೆ, ನಾವೂ ಹಾಕಬೇಕು. ಅದರಲ್ಲಿ ತಪ್ಪೇನಿಲ್ಲ. ಅದನ್ನು ಫೀಡ್‌ಬ್ಯಾಕ್ ಅಂದುಕೊಳ್ಳಬಾರದು, ಅಷ್ಟೇ. 'ಸೂಪರ್' ಅಂದರು ಅಂತ ಉಬ್ಬುವುದೂ ಬೇಡ, 'ಪರವಾಗಿಲ್ಲ' ಅಂದರು ಅಂತ ಕುಗ್ಗುವುದೂ ಬೇಡ. ಎರಡರಲ್ಲೂ ನಿಮ್ಮ ಆಟದ ಬಗ್ಗೆ ಏನೂ ಇಲ್ಲ.

ಒಂದು ಮಾತು: ಆಟ ನಿಮ್ಮ ಕಂಪ್ಯೂಟರಿನಲ್ಲಿ ಓಪನ್ನೇ ಆಗದಿದ್ದರೆ ಒಂದು ಸ್ಟಾರ್ ಕೊಟ್ಟು ಹೋಗಬೇಡಿ. ಓಪನ್ ಆಗಲಿಲ್ಲ ಅಂತ ಬರೆದು, ಯಾವ ಬ್ರೌಸರ್ ಅಂತ ಹೇಳಿ, ರೇಟ್ ಮಾಡದೆ ಮುಂದೆ ಹೋಗಿ.

ಬರೆಯುವಾಗ ನಾಲ್ಕು ಪ್ರಶ್ನೆ

ನಾನು ಈಗ ಬಳಸುವ ಉಪಾಯ ಇದು. ಆಡುತ್ತಿರುವಾಗಲೇ ಪಕ್ಕದಲ್ಲಿ ನೋಟ್‌ಪ್ಯಾಡ್ ತೆರೆದಿಟ್ಟುಕೊಳ್ಳಿ. ಎಲ್ಲಾದರೂ ಸಿಕ್ಕಿಕೊಂಡರೆ ನಾಲ್ಕೇ ಬರೆಯಿರಿ: ಎಲ್ಲಿದ್ದೆ, ಏನು ಮಾಡಿದೆ, ಏನಾಗುತ್ತೆ ಅಂದುಕೊಂಡೆ, ಏನಾಯ್ತು.

'ಕಂಟ್ರೋಲ್ಸ್ ಗೊಂದಲ ಆಗುತ್ತೆ' ಅಂತ ಬರೆದರೆ ಆಟ ಮಾಡಿದವರಿಗೆ ಏನು ತಿಳಿಯಿತು? ಅದರ ಬದಲು ಹೀಗೆ ಬರೆಯಿರಿ:

'ಎರಡನೇ ಲೆವೆಲ್, ನೀಲಿ ಬಾಗಿಲ ಹತ್ತಿರ. ಬೀಗದ ಕೈ ಎತ್ತಿಕೊಂಡು ಬಂದೆ. ಬಾಗಿಲು ತಾನೇ ತೆರೆಯುತ್ತೆ ಅಂದುಕೊಂಡೆ, ತೆರೆಯಲಿಲ್ಲ. ಸುತ್ತಾಡಿ ಸುತ್ತಾಡಿ, ಸುಮ್ನೆ ಎಲ್ಲ ಬಟನ್ ಒತ್ತುತ್ತಾ ಹೋದಾಗ ಇ (E) ಕೀ ಒತ್ತಿದರೆ ತೆರೆಯಿತು.'

ಇಷ್ಟು ಸಾಕು. 'ಇ ಒತ್ತಿ' ಅಂತ ಬಾಗಿಲ ಮೇಲೆ ತೋರಿಸಬೇಕಾ, ಬಾಗಿಲು ತಾನೇ ತೆರೆಯಬೇಕಾ ಅನ್ನೋದನ್ನು ಅವರು ನೋಡಿಕೊಳ್ಳುತ್ತಾರೆ. ಕಮೆಂಟ್ ಇಂಗ್ಲಿಷಿನಲ್ಲೇ ಬರೆಯಬೇಕಾಗುತ್ತದೆ ನಿಜ. ಆದರೆ ಈ ನಾಲ್ಕಕ್ಕೆ ದೊಡ್ಡ ಇಂಗ್ಲಿಷ್ ಬೇಡ. ಓದುವವರಲ್ಲಿ ಎಷ್ಟೋ ಜನಕ್ಕೆ ಅದು ಮನೆಮಾತೂ ಅಲ್ಲ.

ಹೊಗಳುವಾಗಲೂ ಜಾಗ ಹೇಳಿ. ಯಾವುದು ಹಿಡಿಸಿತು ಅಂತ ಹೇಳದಿದ್ದರೆ, ಮುಂದಿನ ವರ್ಷನ್‌ನಲ್ಲಿ ಅವರು ಅದನ್ನೇ ಕಿತ್ತುಹಾಕಿರುತ್ತಾರೆ. ಮತ್ತೆ, 48 ಗಂಟೆಯಲ್ಲಿ ಮಾಡಿದ ಆಟಕ್ಕೆ 'ಮಲ್ಟಿಪ್ಲೇಯರ್ ಹಾಕಬೇಕಿತ್ತು' ಅನ್ನಬೇಡಿ, ದಯವಿಟ್ಟು.

ಬಂದ ಕಮೆಂಟ್ ಓದುವುದು

ಆಡಿದವರು ಹೇಳುವುದರಲ್ಲಿ ಎರಡು ಬೆರೆತಿರುತ್ತವೆ: ಎಲ್ಲಿ ಕಷ್ಟವಾಯಿತು, ಅದಕ್ಕೆ ಏನು ಮಾಡಬೇಕು. ಮೊದಲನೆಯದನ್ನು ನಂಬಿ. ಎರಡನೆಯದನ್ನು ಪಕ್ಕಕ್ಕಿಡಿ.

'ಲೂಪ್' ಅನ್ನೋದು 2025ರ ಜಿಎಂಟಿಕೆ ಥೀಮ್. ಅದೇ ಥೀಮ್ ಇಟ್ಟುಕೊಂಡು ನಾವು ಗೆಳೆಯರು ಒಂದು ಆಟ ಮಾಡಿದೆವು. ರಿಂಗ್ ರೋಡಿನಲ್ಲಿ ಸುತ್ತುತ್ತಲೇ ಇರುವ ಬಸ್ಸು, ಜನರನ್ನು ಹತ್ತಿಸಿ ಇಳಿಸಬೇಕು. ಒಬ್ಬರು ಬಸ್ಸಿನ ಸ್ಪೀಡ್ ಜಾಸ್ತಿ ಮಾಡಿ ಅಂದರು. ಇನ್ನೊಬ್ಬರು ಟರ್ಬೊ ಬಟನ್ ಕೊಡಿ ಅಂದರು. ಮತ್ತೊಬ್ಬರು ಸ್ಟಾಪ್‌ಗಳನ್ನು ಹತ್ತಿರ ತನ್ನಿ ಅಂದರು. ಮೂರು ಬೇರೆ ಬೇರೆ ಔಷಧ, ನೋವಿನ ಜಾಗ ಮಾತ್ರ ಒಂದೇ: ಎರಡು ಸ್ಟಾಪ್‌ಗಳ ನಡುವಿನ ರಸ್ತೆ. ಹೋಗಿ ನೋಡಿದರೆ ಅಲ್ಲಿ ಬರೀ ಬೂದು ಬಣ್ಣದ ರಸ್ತೆ. ಹಿಂದಕ್ಕೆ ಸರಿಯುವ ವಸ್ತು ಒಂದೂ ಕಣ್ಣಿಗೆ ಬೀಳದಿದ್ದರೆ ಎಷ್ಟೇ ಜೋರಾಗಿ ಹೋದರೂ ನಿಂತ ಹಾಗೇ ಅನಿಸುತ್ತದೆ. ರಸ್ತೆಗೆ ಬಿಳಿ ಪಟ್ಟೆ, ಅಂಚಿಗೆ ಲೈಟ್ ಕಂಬ, ಮರ ಹಾಕಿದೆವು. ಸ್ಪೀಡ್‌ನ ಅಂಕಿ ಮುಟ್ಟಲೇ ಇಲ್ಲ. ಆಮೇಲೆ ಆಡಿದವರು ನಿಧಾನ ಅನ್ನಲಿಲ್ಲ. ತಿರುವಿನಲ್ಲಿ ಹಿಡಿತ ಸಿಗಲ್ಲ ಅಂತ ಶುರು ಮಾಡಿದರು. ಇರಲಿ, ಅದು ಬೇರೆ ಕಥೆ.

ಪ್ಲಾಟ್‌ಫಾರ್ಮರ್ (ಓಡುತ್ತಾ ಜಿಗಿಯುತ್ತಾ ಮುಂದೆ ಹೋಗುವ ಆಟ) ಮಾಡುವವರಿಗೆ ತಪ್ಪದೆ ಬರುವ ಕಮೆಂಟ್ ಇನ್ನೊಂದಿದೆ: 'ಜಂಪ್ ಬಟನ್ ಒಮ್ಮೊಮ್ಮೆ ಕೆಲಸ ಮಾಡಲ್ಲ.' ಕೋಡ್ ನೋಡಿದರೆ ಬಟನ್ ಸರಿಯಾಗೇ ಇರುತ್ತದೆ. ಆಗುವುದೇನೆಂದರೆ, ಆಡುವವರು ಅಂಚಿಗೆ ಓಡಿ ಬಂದು ಜಿಗಿಯುವಾಗ ಒಂದೆರಡು ಫ್ರೇಮ್ (ತೆರೆಯ ಮೇಲೆ ಒಂದಾದ ಮೇಲೊಂದು ಬರುವ ಚಿತ್ರ) ತಡವಾಗಿ ಒತ್ತುತ್ತಾರೆ. ಅಷ್ಟರಲ್ಲಿ ಪಾತ್ರದ ಕಾಲ ಕೆಳಗೆ ನೆಲ ಇರಲ್ಲ. ಕೋಡ್ ಪ್ರಕಾರ ಅದು ಬೀಳುತ್ತಿದೆ, ಜಿಗಿಯುವಂತಿಲ್ಲ. ಅವರ ಕಣ್ಣಿಗೆ ಮಾತ್ರ ಸರಿಯಾಗಿ ಅಂಚಿನಲ್ಲೇ ಒತ್ತಿದ ಹಾಗೆ. ಇದಕ್ಕೆ ಪರಿಹಾರ 'ಕೊಯೋಟಿ ಟೈಮ್': ನೆಲ ಬಿಟ್ಟ ಮೇಲೂ ಒಂದು ಚೂರು ಹೊತ್ತು ಜಿಗಿಯಲು ಬಿಡುವುದು. 'ಸೆಲೆಸ್ಟ್' ಆಟದಲ್ಲಿ ಇದು 0.1 ಸೆಕೆಂಡ್, ಅಂದರೆ ಸೆಕೆಂಡಿಗೆ 60 ಫ್ರೇಮ್ ಲೆಕ್ಕದಲ್ಲಿ 6 ಫ್ರೇಮ್. ಆ ಆಟವೂ 2015ರಲ್ಲಿ ಪಿಕೊ-8 ಅನ್ನುವ, ಪುಟ್ಟ ಆಟ ಮಾಡುವ ಸಾಫ್ಟ್ವೇರಿನಲ್ಲಿ ನಾಲ್ಕು ದಿನದಲ್ಲಿ ಮಾಡಿದ ಪುಟ್ಟ ಆಟದಿಂದ ಬೆಳೆದದ್ದು. 'ಬಟನ್ ಕೆಟ್ಟಿದೆ' ಅನ್ನುವ ಕಮೆಂಟ್ ಅಕ್ಷರಶಃ ಸುಳ್ಳು, ಆದರೆ ಅದು ತೋರಿಸಿದ ಜಾಗ ಪೂರ್ತಿ ಸರಿ.

ಉತ್ತರ ಬರೆಯುವಾಗ 'ಆಟದ ಪುಟದಲ್ಲೇ ಬರೆದಿದ್ದೀನಲ್ಲ, ಓದಿಲ್ವಾ?' ಅನ್ನಬೇಡಿ. ಯಾರೂ ಓದಲ್ಲ. ನೀವೂ ಓದಲ್ಲ, ನಾನೂ ಓದಲ್ಲ. ಥ್ಯಾಂಕ್ಸ್ ಹೇಳಿ, ಬೇಕಿದ್ದರೆ ಒಂದೇ ಪ್ರಶ್ನೆ ಕೇಳಿ: 'ಯಾವ ಲೆವೆಲ್‌ವರೆಗೆ ಆಡಿದಿರಿ?' ಆ ಉತ್ತರ ಸ್ಟಾರ್‌ಗಿಂತ ಉಪಯೋಗ. ಆಟ ಬಿಟ್ಟು ಎದ್ದ ಜಾಗವನ್ನು ಯಾರೂ ತಾವಾಗಿ ಹೇಳಲ್ಲ.

ಸಾಧ್ಯವಾದರೆ ಒಬ್ಬರನ್ನು ಎದುರಿಗೇ ಕೂರಿಸಿ ಆಡಿಸಿ. ಬಾಯಿ ಬಿಡಬೇಡಿ. ಇದು ಹೇಳಿದಷ್ಟು ಸುಲಭ ಅಲ್ಲ. ಅಕ್ಕನ ಮಗ ಬಸ್ಸನ್ನು ಸ್ಟಾಪ್ ದಾಟಿಸಿ ದಾಟಿಸಿ ಓಡಿಸುತ್ತಿದ್ದಾಗ 'ಅಲ್ಲಿ ನಿಲ್ಸೋ!' ಅನ್ನದೆ ಇರಲು ನಾಲಿಗೆ ಕಚ್ಚಿಕೊಂಡು ಕೂರಬೇಕಾಯಿತು. ಅವನಿಗೆ ಅದು ಸ್ಟಾಪ್ ಅಂತಲೇ ಗೊತ್ತಾಗಿರಲಿಲ್ಲ. ಬರೀ ಕಲ್ಲಿನ ಬೆಂಚು ಅಂದುಕೊಂಡಿದ್ದ.

ಸಲ್ಲಿಸುವ ಮೊದಲೇ ಇವನ್ನು ನೋಡಿ

ಬಂದ ಕಮೆಂಟ್‌ಗಳಲ್ಲಿ ಅರ್ಧ ಇವುಗಳ ಬಗ್ಗೆಯೇ ಆಗಿಬಿಟ್ಟರೆ ಆಟದ ಬಗ್ಗೆ ಮಾತಾಡಲು ಜಾಗ ಉಳಿಯಲ್ಲ. ಬ್ರೌಸರಿನಲ್ಲೇ ಆಡುವಂತೆ ಬಿಲ್ಡ್ (ಆಡಲು ಸಿದ್ಧವಾದ ಆಟದ ಫೈಲ್) ಕೊಡಿ. ಡೌನ್‌ಲೋಡ್ ಮಾಡಿಸಿದರೆ ಆಡುವವರು ತುಂಬಾ ಕಡಿಮೆಯಾಗುತ್ತಾರೆ, ಆಗ ಮೇಲಿನ ವರ್ಗಮೂಲ ಕಚ್ಚುತ್ತದೆ. ಆಟ ಮಾಡಲು ಗೊಡೊ 4 ಅನ್ನುವ ಸಾಫ್ಟ್ವೇರ್ ಬಳಸುವವರು 4.3 ಅಥವಾ ಆಮೇಲಿನದ್ದನ್ನು ತೆಗೆದುಕೊಳ್ಳಿ, ಅದರಲ್ಲಿ ಥ್ರೆಡ್ (ಒಟ್ಟೊಟ್ಟಿಗೆ ಹಲವು ಕೆಲಸ ಓಡಿಸುವ ವ್ಯವಸ್ಥೆ) ಇಲ್ಲದ ವೆಬ್ ಬಿಲ್ಡ್ ಸಿಗುತ್ತದೆ. ಹಳೆಯದರಲ್ಲಾದರೆ ಇಚ್‌ನಲ್ಲಿ ಶೇರ್ಡ್‌ಅರೇಬಫರ್ ಆಯ್ಕೆ ಆನ್ ಮಾಡಬೇಕು. ಮೊದಲ ಕ್ಲಿಕ್ ಆಗುವವರೆಗೆ ಬ್ರೌಸರ್ ಶಬ್ದ ಬಿಡಲ್ಲ, ಅದಕ್ಕೆ ಶುರುವಿನಲ್ಲೇ ಒಂದು 'ಪ್ಲೇ' ಬಟನ್ ಇಡಿ. ಫ್ರೆಂಚ್ ಕೀಬೋರ್ಡ್‌ನಲ್ಲಿ ಅಕ್ಷರಗಳ ಜಾಗವೇ ಬೇರೆ, ಡಬ್ಲ್ಯುಎಎಸ್‌ಡಿ ಜೊತೆ ಬಾಣದ ಕೀಗಳೂ ಕೆಲಸ ಮಾಡಲಿ. ಶಬ್ದ ಕಡಿಮೆ ಮಾಡುವ ದಾರಿ ಒಂದಿರಲಿ.

ಆಟದೊಳಗೆ ಕನ್ನಡ ಹಾಕುವ ಆಸೆಯಿದ್ದರೆ, ಆಟ ಮಾಡುವ ಇನ್ನೊಂದು ಸಾಫ್ಟ್ವೇರ್ ಯೂನಿಟಿಯಲ್ಲಿ ಅಕ್ಷರ ತೋರಿಸುವ ಟೆಕ್ಸ್ಟ್‌ಮೆಶ್ ಪ್ರೊನಲ್ಲಿ ಒತ್ತಕ್ಷರ ಕಳಚಿಕೊಳ್ಳುತ್ತದೆ, ಬರಹವನ್ನು ಚಿತ್ರವಾಗಿ ಹಾಕುವುದು ಒಂದು ದಾರಿ. ಗೊಡೊ 4ರಲ್ಲಿ ಕನ್ನಡ ಫಾಂಟ್ ಕೊಟ್ಟರೆ ಸರಿಯಾಗಿ ಬರುತ್ತದೆ.

ವೋಟಿಂಗ್ ನಡೆಯುವಾಗ ಬಹಳ ಜಾಮ್‌ಗಳಲ್ಲಿ ಹೊಸ ಫೈಲ್ ಹಾಕಲು ಬಿಡಲ್ಲ. ಲುಡಮ್ ಡೇರ್‌ನಲ್ಲಿ ಆಟ ಕ್ರ್ಯಾಶ್ ಆಗುವಂಥ ಬಗ್ ಸರಿಪಡಿಸಬಹುದು, ಹೊಸ ಲೆವೆಲ್ ಸೇರಿಸುವಂತಿಲ್ಲ. ಹಾಗಾಗಿ ಆ ದಿನಗಳಲ್ಲಿ ಕಮೆಂಟ್‌ಗಳನ್ನು ಒಂದು ಶೀಟ್‌ನಲ್ಲಿ ಹಾಕುತ್ತಾ ಹೋಗಿ. ಎರಡೇ ಕಾಲಂ: ಆಟದಲ್ಲಿ ಯಾವ ಜಾಗ, ಅವರ ಮಾತು ಹೇಗಿತ್ತೋ ಹಾಗೆ. ವೋಟಿಂಗ್ ಮುಗಿದ ಮೇಲೆ ಜಾಗದ ಪ್ರಕಾರ ಸಾರ್ಟ್ ಮಾಡಿ, ಒಂದೇ ಜಾಗ ಮೂರು ಸಲ ಬಂದಿದ್ದರೆ ಅಲ್ಲಿಂದ ಕೆಲಸ ಶುರು ಮಾಡಿ.